ಬೇರೆಯವನ ಕಫ

ನೋಡಿ, ಇವತ್ತಿನ ಕಥೆ ಕಿವಿಗೆ ಹಿತವಾದದ್ದಲ್ಲ. ನಡುವೆ ಎದ್ದು ಹೋಗಬೇಡಿ. ಪ್ರಸಾದ ಎಲ್ಲಿಗೂ ಓಡಿಹೋಗೋದಿಲ್ಲ.

ನೇಕಾರರ ಊರು ಅಂತ ಇಟ್ಟುಕೊಳ್ಳಿ. ಅಲ್ಲೊಬ್ಬ ಸಾಹುಕಾರ. ಅವನ ಹೆಸರು ಬೇಡ. ಹೆಸರು ಹೇಳಿದೆ ಅಂದರೆ ನೀವು ಕಥೆ ಬಿಟ್ಟು ಅವನ ಬೀಗರು ಯಾರು, ಅಳಿಯ ಯಾರು ಅಂತ ಹುಡುಕೋಕೆ ಶುರು ಮಾಡ್ತೀರಿ. ಮನೆ ಹಿಂದೆ ಸಾಲಾಗಿ ರೇಷ್ಮೆ ಮಗ್ಗ. ಮಗ್ಗದ ಮನೆ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕೇ? ಗಾಳಿ ಬಡಿದರೆ ಎಳೆ ಒಣಗಿ ಹರಿಯುತ್ತೆ ಅಂತ ಕಿಟಕಿ ಮುಚ್ಚೋದು, ನೆಲಕ್ಕೆ ನೀರು ಚಿಮುಕಿಸೋದು. ಎಳೆ ಚೆನ್ನಾಗಿರುತ್ತೆ ನಿಜ. ಒಳಗೆ ಕೂತವರ ಎದೆ ಹೇಗಿರುತ್ತೆ ಅಂತ ಯಾರಾದರೂ ಕೇಳಿದ್ದೀರಾ?

ಆ ಮುಚ್ಚಿದ ಕೋಣೆಯಲ್ಲಿ ಸಾಹುಕಾರ ದಿನವಿಡೀ ಗಾದಿ ಹಾಕಿಕೊಂಡು ಕೂರೋನು. ತೊಡೆ ಮೇಲೆ ಮೊಮ್ಮಗಳು. ಈ ಮಗುವಿಗೆ ಮಾತ್ರ ಹೆಸರು ಹೇಳ್ತೀನಿ, ನೀವು ಮರೀಬಾರದು ಅಂತ. ನೀಲಾಂಬಿಕಾ. ಮನೆಯಲ್ಲಿ ನೀಲಿ ಅನ್ನೋರು. ಇನ್ನೂ ಶಾಲೆ ಮೆಟ್ಟಿಲು ಹತ್ತದ ಕೂಸು. ಮುತ್ಯಾ, ಅಂದರೆ ಅಜ್ಜನ ಬಾಯಿಂದ ಕಥೆ ಕೇಳದೆ ತುತ್ತು ಇಳಿಯುತ್ತಿರಲಿಲ್ಲ ಅದಕ್ಕೆ. ಅವನಿಗೂ ಅಷ್ಟೇ, ಅವಳನ್ನು ಕಂಡರೆ ಪಂಚಪ್ರಾಣ.

ಮಳೆಗಾಲದಲ್ಲಿ ಅವನಿಗೆ ಕೆಮ್ಮು ಹತ್ತಿತು. ದೀಪಾವಳಿ ಕಳೆದರೂ ಬಿಡಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗೋದು, ಧೋತರದ ಗಂಟು ದಿನದಿನಕ್ಕೆ ಸಡಿಲ. ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆ ಬಂದು ಒಂದು ಪುಟ್ಟ ಡಬ್ಬಿ ಕೊಟ್ಟಳು. "ಸಾಹುಕಾರ್ರ, ನಾಳೆ ಮುಂಜಾನೆ ಎದೆಯಾಳದಿಂದ ಕೆಮ್ಮಿ ಇದರಾಗ ಉಗುಳ್ರಿ. ತಪಾಸಣೆ ಪುಕ್ಕಟೆ" ಅಂದಳು.

ಬೆಳಗಾಯಿತು. ಡಬ್ಬಿ ಹಿಡಿದು ಸಾಹುಕಾರ ಕೂತ. ಕಿರಿಮಗಳಿಗೆ ಗಂಡು ಗೊತ್ತಾಗಿದೆ. ಟಿ.ಬಿ. ಇರುವ ಮನೆ ಅಂತ ಬೀಗರ ಕಿವಿಗೆ ಬಿದ್ದರೆ? ನೇಕಾರರು ಮಗ್ಗ ಬಿಟ್ಟು ಎದ್ದು ಹೋದರೆ? ಮದುವೆ ಒಂದು ಮುಗಿಯಲಿ, ಆಮೇಲೆ ದೊಡ್ಡ ಊರಿಗೆ ಹೋಗಿ ಗುಟ್ಟಾಗಿ ತೋರಿಸಿದರಾಯ್ತು. ಕೆಟ್ಟವನಲ್ಲ ನೋಡಿ ಅವನು. ನಿಮ್ಮ ಹಾಗೆ, ನನ್ನ ಹಾಗೆ, ಮರ್ಯಾದೆಗೆ ಅಂಜುವವನು.

ಕಾರು ಓಡಿಸುವವನನ್ನು ಕರೆದ. ಗಟ್ಟಿಮುಟ್ಟಾದ ಆಳು.

"ಲೇ, ಇದರಾಗ ಉಗುಳು."

"ನಾನ್ಯಾಕ್ರೀ ಧಣಿ? ನಂಗೇನಾಗೇತಿ?"

"ಹೇಳಿದಷ್ಟು ಮಾಡು. ಯಾರ ಮುಂದೂ ಬಾಯಿ ಬಿಡಬ್ಯಾಡ."

ಅವನು ಉಗುಳಿದ. ಡಬ್ಬಿ ಹೋಯಿತು. ರೋಗ ಇಲ್ಲ ಅಂತ ಉತ್ತರ ಬಂತು. ಹೇಗೆ ಇರುತ್ತೆ ಹೇಳಿ! ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಸಾಹುಕಾರ ಓಣಿಗೆಲ್ಲ ಪೇಡೆ ಹಂಚಿದ. ಬೇರೆಯವನ ಎದೆ ಚೆನ್ನಾಗಿದೆ ಅಂತ ಇವನು ಪೇಡೆ ಹಂಚಿದ! ಮತ್ತೆ ಗಾದಿ ಮೇಲೆ ಬಂದು ಕೂತ, ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡ, ಕಥೆ ಶುರು ಮಾಡಿದ. ಒಂದು ಮಾತಿಗೆ ಎರಡು ಕೆಮ್ಮು.

ಚಳಿಗಾಲದಲ್ಲಿ ನೀಲಿಗೆ ಜ್ವರ ಬಂತು. ಸುಡುವ ಜ್ವರವಲ್ಲ, ಬಿಡದ ಜ್ವರ. ತಲೆನೋವು ಅನ್ನೋಳು, ತಿಂದದ್ದು ಕಕ್ಕೋಳು. ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಕೂಸು ಮಂಕಾಗಿ ಗೋಡೆ ನೋಡುತ್ತಾ ಕೂರತೊಡಗಿತು. ಊರ ಡಾಕ್ಟರು ಬಂದು ನೋಡಿದರು. ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಕೇಳಿದರು, "ಮನ್ಯಾಗ ಯಾರಿಗರ ಭಾಳ ದಿನದ ಕೆಮ್ಮು ಐತೇನು? ಟಿ.ಬಿ. ಇದ್ದವ್ರು ಯಾರರ ಅದಾರೇನು?"

ಸೊಸೆ ಅಂದಳು, "ಮಾವನವ್ರಿಗೆ ಕೆಮ್ಮು ಇತ್ರಿ. ಆದ್ರ ತಪಾಸಣೆ ಮಾಡ್ಸೇವಿ. ಏನೂ ಇಲ್ಲಂದ್ರು."

ಡಾಕ್ಟರು ಸಾಹುಕಾರನ ಮುಖ ನೋಡಿದರು. "ಹೌದೇನ್ರಿ?"

ಆ ಗಳಿಗೆಯಲ್ಲಿ ಅವನ ಗಂಟಲಿಗೆ ಕೆಮ್ಮು ಬಂದು ನಿಂತಿತ್ತು. ಹಲ್ಲು ಕಚ್ಚಿದ. ಕಣ್ಣಲ್ಲಿ ನೀರು ಬಂತು. ಹೇಳಿಬಿಡಲೇ ಅನ್ನಿಸಿತು ಅವನಿಗೆ, ನಿಜವಾಗಿಯೂ ಅನ್ನಿಸಿತು. ಮಂಚದ ಮೇಲೆ ಮಗು ಕಾಣುತ್ತಿತ್ತು. ಹೊರಗೆ ಲಗ್ನಪತ್ರಿಕೆಗೆ ಅರಿಶಿನ ಹಚ್ಚುವ ಹೆಂಗಸರ ನಗುವೂ ಕೇಳುತ್ತಿತ್ತು.

"ಹೌದ್ರಿ" ಅಂದ. "ಏನೂ ಇಲ್ಲ."

ಮುಗಿಯಿತು. ಡಾಕ್ಟರು ಆ ದಾರಿ ಬಿಟ್ಟು ಬೇರೆ ಜ್ವರಕ್ಕೆ ಔಷಧಿ ಬರೆದುಕೊಟ್ಟರು. ಅವರ ತಪ್ಪೇನು? ಮನೆಯ ಹಿರಿಯನೇ ದಾರಿ ತಪ್ಪಿಸಿದರೆ ಡಾಕ್ಟರು ಯಾವ ದೇವರನ್ನು ಕೇಳಬೇಕು?

ಮದುವೆ ವಿಜೃಂಭಣೆಯಿಂದ ಆಯಿತು. ಬೀಗರು ಹೋಳಿಗೆ ಹೊಗಳಿದರು. ಬೀಗರ ಗಾಡಿ ಹೊರಟ ಮಧ್ಯಾಹ್ನವೇ ನೀಲಿಗೆ ಫಿಟ್ಸ್ ಬಂತು. ಹುಬ್ಬಳ್ಳಿಗೆ ಒಯ್ದರು. ಅಲ್ಲಿ ಬೆನ್ನಿನಿಂದ ನೀರು ತೆಗೆದು ಯಂತ್ರಕ್ಕೆ ಹಾಕಿದರು. ಈಗಿನ ಯಂತ್ರ ನೋಡಿ, ಮುಂಚಿನ ಹಾಗೆ ವಾರಗಟ್ಟಲೆ ಕಾಯಿಸೋದಿಲ್ಲ, ನೀವು ಅಡುಗೆ ಮಾಡಿ ಊಟ ಮುಗಿಸುವಷ್ಟರಲ್ಲಿ ಹೇಳುತ್ತೆ. ಟಿ.ಬಿ. ಮಗುವಿನ ಮಿದುಳಿನ ಪೊರೆಗೆ ಹತ್ತಿಬಿಟ್ಟಿತ್ತು.

ಎಲ್ಲಿಂದ ಬಂತು? ಮನೆಯವರೆಲ್ಲ ಕೂಡಿ ಯೋಚಿಸಿದರು. ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಮುದುಕಿ ಇದ್ದಳು, ಫಕೀರವ್ವ ಅಂತ. ಎಷ್ಟೋ ವರ್ಷದ ಹಿಂದೆ ಅವಳಿಗೆ ಟಿ.ಬಿ. ಬಂದು ವಾಸಿಯಾಗಿತ್ತು. ಸಾಕಲ್ಲ? ಅವಳೇ ಅಂದರು. ಅವಳ ಚಾಪೆ, ಲೋಟ ಬೀದಿಗೆ ಎಸೆದರು. ಆಕೆ ಅಂಗಳದಲ್ಲಿ ನಿಂತು ಸಾಹುಕಾರನನ್ನೇ ಕೇಳಿದಳು, "ಯಪ್ಪಾ, ನೀನರ ಹೇಳು. ಆ ಕೂಸು ನನ್ನ ಕೈಯಾಗ ಬೆಳದೈತಿ. ನಾ ಮಾಡೇನೇನು?"

ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಒಳಗೆ ಎದ್ದು ಹೋದ. ಡಾಕ್ಟರ ಮುಂದೆ ಅಂದದ್ದು ಭಯದಿಂದ ಆಡಿದ ಸುಳ್ಳು ಅಂತ ನಾನು ಒಪ್ಪೇನು. ಇದನ್ನು ಮಾತ್ರ ನನ್ನ ಕೈಲಿ ಕ್ಷಮಿಸೋಕೆ ಆಗೋದಿಲ್ಲ.

ರೋಗದ ಜಾಡು ಹಿಡಿಯುವ ಸರಕಾರಿ ಜನ ಬಂದರು. ಮನೆಯವರನ್ನೂ ನೇಕಾರರನ್ನೂ ಒಬ್ಬೊಬ್ಬರನ್ನೇ ಬಯಲಿಗೆ ಕರೆದು, ತಮ್ಮ ಕಣ್ಣೆದುರೇ ಕಫ ತೆಗೆದುಕೊಂಡರು. ಈ ಸಲ ಕಾರು ಓಡಿಸುವವನನ್ನು ಕರೆಯೋಕೆ ಆಗಲಿಲ್ಲ. ಫಕೀರವ್ವನನ್ನೂ ಹುಡುಕಿ ತಂದು ತಪಾಸಣೆ ಮಾಡಿದರು. ಅವಳ ಎದೆ ಶುದ್ಧ. ಸಾಹುಕಾರನ ಕಫದಲ್ಲಿ ರೋಗ ತುಂಬಿ ತುಳುಕುತ್ತಿತ್ತು.

ಮನುಷ್ಯರಿಗೆ ಕುಲಗೋತ್ರ ಕೇಳೋದರಲ್ಲಿ ನಾವು ಗಟ್ಟಿಗರು. ಈಗಿನ ವಿಜ್ಞಾನಿಗಳು ರೋಗಾಣುವಿನ ಕುಲಗೋತ್ರ ಓದುತ್ತಾರೆ. ಒಬ್ಬರ ಎದೆಯ ರೋಗಾಣುವನ್ನು ಇನ್ನೊಬ್ಬರದಕ್ಕೆ ಹೋಲಿಸಿ ಎರಡೂ ಒಂದೇ ಮನೆತನವೋ ಅಲ್ಲವೋ ಹೇಳುತ್ತಾರೆ. ಅಜ್ಜನದು, ಮೊಮ್ಮಗಳದು ಎರಡನ್ನೂ ಓದಿದರು. ಒಂದೇ ಆಗಿತ್ತು. ಹುಬ್ಬಳ್ಳಿ ಡಾಕ್ಟರು ಮೆಲ್ಲಗೆ ಅಂದರು, "ಇಷ್ಟು ಸಣ್ಣ ಮಕ್ಕಳಿಂದ ದೊಡ್ಡವರಿಗೆ ಬರೋದು ಬಲು ಅಪರೂಪ. ದೊಡ್ಡವರಿಂದಲೇ ಮಕ್ಕಳಿಗೆ ಬರ್ತದ. ಮುಚ್ಚಿದ ಕೋಣ್ಯಾಗ, ಗಾಳಿಯಿಂದ. ನಿಮಗೈತಿ ಅಂತ ಮೊದಲೇ ಗೊತ್ತಾಗಿದ್ರ ಕೂಸಿಗೆ ರೋಗ ಬರೂಕಿಂತ ಮುಂಚೇನ ತಡಿಯೂ ಮಾತ್ರಿ ಕೊಡತಿದ್ವಿ."

ಸಾಹುಕಾರನ ಮಗ, ನೀಲಿಯ ಅಪ್ಪ, ಅಲ್ಲೇ ನಿಂತಿದ್ದ. "ಅಪ್ಪಾ, ಅವತ್ತು ಡಬ್ಬ್ಯಾಗ ಉಗುಳಿದ್ದು ಯಾರು?"

ಸಾಹುಕಾರ ಹೇಳಿದ. ಮಗ ಬೈಯಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ತಂದೆಯ ಜೊತೆ ಮಾತೂ ಆಡಿಲ್ಲ.

ಮುಂದೇನಾಯ್ತು ಕೇಳಿ. ಸಾಹುಕಾರ ಆರು ತಿಂಗಳು ಮಾತ್ರೆ ನುಂಗಿದ. ಪುಕ್ಕಟೆ ಮಾತ್ರೆ! ಪೂರ್ತಿ ವಾಸಿಯಾದ. ಮೈ ತುಂಬಿಕೊಂಡಿತು, ಧೋತರ ಬಿಗಿಯಾಯಿತು. ಮಗಳ ಸಂಸಾರಕ್ಕೂ ಏನೂ ಆಗಲಿಲ್ಲ. ಬೀಗರು ವಿಷಯ ತಿಳಿದು ಎರಡು ಮಾತು ಆಡಿ ಸುಮ್ಮನಾದರು. ಯಾವುದಕ್ಕೆ ಅಂಜಿದ್ದನೋ ಅದು ಅಷ್ಟೇ ಆಗಿತ್ತು. ಎರಡು ಮಾತು.

ನೀಲಿಯೂ ಬದುಕಿದಳು. ಮನೆಗೆ ಕರೆತಂದರು. ನಡುಮಧ್ಯಾಹ್ನ, ಅಂಗಳದ ತುಂಬ ಬಿಸಿಲು. ಮುತ್ಯಾನ ಕೈ ಹಿಡಿದುಕೊಂಡು ಮಗು ಅಂದಿತು, "ಮುತ್ಯಾ, ಯಾಕ ಯಾರೂ ದೀಪಾನ ಹಚ್ಚಿಲ್ಲ? ಕತ್ಲಾಗೇತಿ, ದೀಪ ಹಚ್ಚು."

ಅವನು ದೀಪ ಹಚ್ಚಿದ. ಬಿಸಿಲಲ್ಲಿ ದೀಪ ಹಚ್ಚಿದ. ಏನು ಮಾಡಿಯಾನು? ಮಗು ಮತ್ತೆ ಕೇಳಿತು, "ಹಚ್ಚಿದೇನು?"

ಯಾಕೆ ತಾಯಂದಿರೇ, ಕಣ್ಣೊರೆಸಿಕೊಳ್ತೀರಿ? ಅಳೋದು ಸುಲಭ. ಅತ್ತು ಮನೆಗೆ ಹೋಗಿ ಮಲಗಿಬಿಡಬಹುದು. ನಾನು ಕೇಳ್ತೀನಿ, ನಿಮ್ಮ ಮನೆಯಲ್ಲಿ ಕೆಮ್ಮುತ್ತಿರುವವರು ಯಾರು? ಎರಡು ವಾರ ದಾಟಿದ ಕೆಮ್ಮನ್ನು ಕಷಾಯ ಕುಡಿಸಿ ಮುಚ್ಚಿಟ್ಟವರು ಯಾರು? ಸಂಬಂಧ ಕುದುರಲಿ ಆಮೇಲೆ ತೋರಿಸೋಣ ಅಂದವರು ಯಾರು? ರೋಗ ಬಂದವನ ಲೋಟ ಬೇರೆ ಇಟ್ಟು, ಅವನ ಹೆಸರು ಊರೆಲ್ಲ ಹಂಚಿದವರು ಯಾರು? ಆ ಸಾಹುಕಾರನಿಗೆ ಸುಳ್ಳು ಕಲಿಸಿದ್ದು ನಮ್ಮ ನಾಲಿಗೆ. ರೋಗಕ್ಕಿಂತ ನಮ್ಮ ಬಾಯಿಗೆ ಅವನು ಹೆಚ್ಚು ಹೆದರಿದ. ಅವನನ್ನು ಬೈಯೋಕೆ ಮುಂಚೆ ಇದನ್ನು ನೆನಪಿಡಿ.

ಹಾಗಾಗಿ ಇವತ್ತು ಮನೆಗೆ ಹೋದವರೇ ಮಗ್ಗದ ಕೋಣೆಯ ಕಿಟಕಿ ತೆರೆಯಿರಿ. ಎಳೆ ಹರಿದರೆ ಗಂಟು ಹಾಕಬಹುದು. ನೆರೆಯವರಿಗೆ ರೋಗ ಅಂತ ಗೊತ್ತಾದರೆ ಅವರ ಬಾಗಿಲಿಗೆ ಹೋಗಿ "ಮಾತ್ರಿ ತಗೊಂಡ್ರೇನು?" ಅಂತ ಕೇಳಿ, ಬೇರೆ ಏನೂ ಕೇಳಬೇಡಿ. ಶುರು ಮಾಡಿದ ಮಾತ್ರೆಯನ್ನು ಕೆಮ್ಮು ನಿಂತಿತು ಅಂತ ನಡುವೆ ಬಿಡಬೇಡಿ. ಆಶಾ ಕಾರ್ಯಕರ್ತೆ ಬಂದಾಗ ಬಾಗಿಲ ಹಿಂದೆ ಅಡಗೋದು ಇವತ್ತಿಗೆ ಸಾಕು.

ಇನ್ನೊಂದು ಮಾತು ಹೇಳಿ ಮುಗಿಸ್ತೀನಿ. ಇಷ್ಟು ಹೊತ್ತಿನಿಂದ ಈ ಸಭೆಯಲ್ಲಿ ಯಾರೋ ಒಬ್ಬರು ಕೆಮ್ಮು ಅದುಮಿ ಕೂತಿದ್ದೀರಿ. ಯಾರು ಅಂತ ನಾನು ನೋಡೋದಿಲ್ಲ, ಪಕ್ಕದವರೂ ತಿರುಗಿ ನೋಡಬೇಡಿ. ನೀವು ಬಾಯಿಗೆ ಬಟ್ಟೆ ಹಿಡಿದು ಎದ್ದು ಹೊರಗೆ ಹೋಗಿ, ಗಾಳಿಯಲ್ಲಿ ನಿಂತು ಕೆಮ್ಮಿ. ನಾಳೆ ಬೆಳಿಗ್ಗೆ ಸರಕಾರಿ ದವಾಖಾನೆಗೆ ನಡೆಯಿರಿ. ಡಾಕ್ಟರು ಕೇಳಿದರೆ "ನನಗೈತ್ರಿ" ಅನ್ನಿ. ನಿಮ್ಮ ತೊಡೆ ಮೇಲೂ ಒಂದು ಕೂಸು ಕೂರುತ್ತದೆ.