ಮಾನ್ವಿಯವರ ಮುಂದೆ ಕುಂಟಬಾರದು

ಆಟದಲ್ಲಿ ಪೆಟ್ಟಾದರೆ ಚಿಕಿತ್ಸೆಯ ಖರ್ಚು ತನ್ನದೆಂದು ಒಪ್ಪಂದ ಮಾಡಿಕೊಂಡಿದ್ದ ರಾಯಚೂರಿನ ಫುಟ್‌ಬಾಲ್ ತಂಡವೊಂದು, ತನ್ನ ಆಟಗಾರ ಶೇಖರನ ಮೊಣಕಾಲಿಗೆ ಪೆಟ್ಟಾದಾಗ ಅವನನ್ನು ಆಸ್ಪತ್ರೆಗೆ ಸೇರಿಸಲಿಲ್ಲ. ಅವನು ಒಪ್ಪಂದದ ಮಾತೆತ್ತಿದ. ಅದಕ್ಕೇ ಈಗ ಅವನನ್ನು ಮಾನ್ವಿ ತಂಡಕ್ಕೆ ಕೊಟ್ಟು ಅಲ್ಲಿನ ಗೋಲ್‌ಕೀಪರನನ್ನು ತರುತ್ತಾರಂತೆ. ದೇವದುರ್ಗದ ಬಸ್ಸಿಗೆ ಕಾಯುತ್ತಿದ್ದ ಅವನ ತಾಯಿ ಅಮರಮ್ಮನ ಬಳಿ ತಂಡದ ಮ್ಯಾನೇಜರ್ ವಿಶ್ವೇಶ ಬಂದು ನಿಂತ. ಅದೇ ಬಸ್ಸಿಗೆ ಕಾಯುತ್ತ ನಾನು ಪಕ್ಕದಲ್ಲೇ ಇದ್ದೆ.

“ಯವ್ವಾ, ನಾಳಿ ಮಾನ್ವಿಯವ್ರು ನೋಡಾಕ ಬರ್ತಾರ. ಅವ್ರ ಮುಂದ ಕುಂಟಬ್ಯಾಡ ಅಂತ ಮಗಗ ಹೇಳ್ರಿ.”

“ಕಾಲಿಂದು ಅವ್ರಿಗೆ ಹೇಳಿಲ್ಲೇನ್ರಿ?”

“ಹೇಳಿದ್ರ ತಗೋತಾರೇನು?”

“ಸಂತ್ಯಾಗ ಎತ್ತು ಮಾರೋರೂ ಐಬು ಹೇಳೇ ಮಾರ್ತಾರ್ರಿ, ಸಾಹೇಬ್ರ.”

“ಇದು ಸಂತಿ ಅಲ್ಲಬೇ, ಕ್ಲಬ್ಬು.”

“ಹೌದು ಬಿಡ್ರಿ. ಸಂತಿ ಮಂದಿಗೆ ಮಾನ ಅದ.”

“ಇಲ್ಲಿದ್ರ ಮೂಲ್ಯಾಗ ಕುಂಡ್ರತಾನ. ಅಲ್ಲಿ ಆಡಾಕರ ಸಿಗ್ತದ.”

“ಆ ಕಾಲಿಲೇನು? ಅರ್ಧ ನೀವು ಕೆಡಿಸೀರಿ, ಉಳಿದದ್ದು ಅವ್ರು ಕೆಡಿಸ್ಲೇನು?”

“ನೀ ಹೇಳಿದ್ರ ಕೇಳ್ತಾನ. ಸುಮ್ನ ಹೇಳು.”

ಬಸ್ಸು ಬಂತು. ಅಮರಮ್ಮ ಮೆಟ್ಟಿಲೇರಿ ತಿರುಗಿದಳು.

“ಹೇಳಂಗಿಲ್ಲ. ಅವ ಕುಂಟಿಕೋಂತನ ಬರ್ತಾನ. ಯಾಕ ಕುಂಟ್ತೀಯಪ್ಪಾ ಅಂತ ಅವ್ರು ಕೇಳ್ಲಿ.”