ನಮ್ಮ ಹೈಸ್ಕೂಲಿನ ಐದು ಗಂಟೆ

ಸಭೆಯ ಮಾನ್ಯ ಅಧ್ಯಕ್ಷರೇ, ಇಲಾಖೆಯಿಂದ ಬಿಡುವು ಮಾಡಿಕೊಂಡು ಬಂದಿರುವ ಸಾಹೇಬರೇ, ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರ್ ಗೋವಿಂದರಾಜು ಅವರೇ, ಇಂದು ನಾವೆಲ್ಲ ಸೇರಿ ಬೀಳ್ಕೊಡುತ್ತಿರುವ, ನಮ್ಮ ದೊಡ್ಡಬಳ್ಳಾಪುರದ ಮಕ್ಕಳೆಲ್ಲ ಡ್ರಿಲ್ ಮೇಡಂ ಎಂದು ಕರೆಯುವ ನಾಗಲಕ್ಷ್ಮಮ್ಮನವರೇ, ಉಪಾಧ್ಯಾಯ ವೃಂದದವರೇ, ತಾಯಂದಿರೇ, ಮಕ್ಕಳೇ, ಸಭಿಕರೇ. ಹಾಗೆಯೇ ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿರುವ ನನ್ನ ನೇಕಾರ ಬಾಂಧವರೇ. ಒಳಗೆ ಬನ್ನಿ, ಕುರ್ಚಿ ಖಾಲಿ ಇವೆ. ಬರಲ್ಲ. ಮಗ್ಗ ಬಿಟ್ಟು ಬಂದವನು ಬಾಗಿಲ ಹತ್ತಿರವೇ ನಿಲ್ಲೋದು, ನನಗೂ ಗೊತ್ತು.

ನಾನು ಬಚ್ಚಪ್ಪ. ಇಲ್ಲಿನ ನೇಕಾರರ ಸಂಘದ ಅಧ್ಯಕ್ಷ. ನನ್ನ ಓದು ಎಸ್ಸೆಸ್ಸೆಲ್ಸಿ, ಅದೂ ಪರೀಕ್ಷೆ ಹಾಲಿನ ಬಾಗಿಲವರೆಗೆ. ಇಂಥವನನ್ನು ಇಷ್ಟು ಜನ ಬಿ.ಎ., ಬಿ.ಎಡ್. ಆದವರ ಮಧ್ಯೆ ಮೈಕಿನ ಮುಂದೆ ನಿಲ್ಲಿಸಿದ್ದೀರಲ್ಲ, ಯಾಕೆ? ಮೇಡಂ ಅವರ ಗುಣಗಾನಕ್ಕೆ ಎಂದು ಹೆಡ್‌ಮಾಸ್ಟರು ಅಂದುಕೊಂಡಿದ್ದಾರೆ. ಗುಣಗಾನ ಮಾಡೇ ಮಾಡ್ತೀನಿ. ಆದರೆ ಕಿಟಕಿ ಹತ್ತಿರ ನಿಂತಿರೋರು ಬಂದಿರೋದು ಬೇರೆ ಮಾತು ಕೇಳೋಕೆ. ಈ ಶಾಲೆಯ ಮಕ್ಕಳಿಗೆ ನಮ್ಮ ಸಂಘ ದಿನಾ ಸಂಜೆ ಐದರಿಂದ ಆರರವರೆಗೆ ಒಂದು ಗಂಟೆ ಬಿಟ್ಟುಕೊಟ್ಟಿದೆ. ಮೇಡಂ ಅವರಿಗೆ ಹೊಸಕೋಟೆ ಕಡೆಗೆ ವರ್ಗವಾಗಿದೆ. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಆ ಗಂಟೆ ಇನ್ನು ಉಂಟೋ ಇಲ್ಲವೋ? ಅದನ್ನು ಈವತ್ತು ನಾನು ಹೇಳಬೇಕು. ಮೆಟ್ಟಿಲು ಹತ್ತುವಾಗ ನಮ್ಮ ಉಪಾಧ್ಯಕ್ಷರಾದ ಆದಿನಾರಾಯಣಪ್ಪನವರು ಕಿವಿಯಲ್ಲಿ, "ಬಚ್ಚಪ್ಪ, ಸುತ್ತಿ ಬಳಸಿ ಹೇಳು, ಯಾರ್ಗೂ ಬೇಜಾರಾಗ್ದಂಗೆ" ಅಂದರು. ಆದ್ದರಿಂದ ಸುತ್ತಿ ಬಳಸಿಯೇ ಬರ್ತೀನಿ, ಸಾಹೇಬರು ಗಡಿಯಾರ ನೋಡಬಾರದು.

ಹೊರಗಿನಿಂದ ಬಂದ ಅತಿಥಿಗಳಿಗಾಗಿ ಸ್ವಲ್ಪ ಹಿಂದಿನ ಕಥೆ. ನಮ್ಮದು ದೊಡ್ಡ ಶಾಲೆ. ಒಂದೊಂದು ಕ್ಲಾಸಿಗೂ ಎ ಇಂದ ಹಿಡಿದು ಎಫ್‌ವರೆಗೆ ಸೆಕ್ಷನ್ನು. ಈಗ ನೋಡಿ, ಬ್ಯಾಂಡ್ ಸೆಟ್ ಇದೆ, ಸೇವಾದಳ ಇದೆ, ಗೋಡೆ ಪತ್ರಿಕೆ ಇದೆ, ಕಂಸಾಳೆ ತಂಡ ಇದೆ, ಹುಡುಗಿಯರ ಖೋಖೋ ತಂಡ ಅಂದರೆ ನೆಲಮಂಗಲದವರೂ ನೀರು ಕುಡೀತಾರೆ. ಏಳೆಂಟು ವರ್ಷದ ಹಿಂದೆ ಇಲ್ಲಿ ಏನಿತ್ತು? ಬೆಲ್ ಹೊಡೀತಿತ್ತು, ಗೇಟು ತೆಗೀತಿತ್ತು, ಮೈದಾನದಲ್ಲಿ ಎಮ್ಮೆ ಮೇಯ್ತಿದ್ದವು. ಮಕ್ಕಳು ಎಲ್ಲಿ? ಮಗ್ಗದ ಮನೇಲಿ. ಲಾಳಿಯ ಕಂಡಿಕೆಗೆ ನೂಲು ಸುತ್ತೋರು ಯಾರು? ಮಕ್ಕಳು. ಎಳೆ ಕಡಿದರೆ ಗಂಟು ಹಾಕೋರು ಯಾರು? ಮಕ್ಕಳು. ಸಣ್ಣ ಬೆರಳಿಗೆ ಸಣ್ಣ ಗಂಟು ಚೆನ್ನಾಗಿ ಕೂರುತ್ತೆ, ಸ್ವಾಮಿ. ನಮ್ಮಪ್ಪನೂ ಹಾಗೇ ಮಾಡಿದ್ದು. ನಾನು ಕಬಡ್ಡೀಲಿ ಒಳ್ಳೆ ಕೈ, ಹಿಡಿದರೆ ಬಿಡ್ತಿರಲಿಲ್ಲ. ನಮ್ಮಪ್ಪ ಅಂಕಣದೊಳಕ್ಕೇ ಬಂದು ಕಿವಿ ಹಿಡ್ಕೊಂಡು ಮಗ್ಗಕ್ಕೆ ಎಳ್ಕೊಂಡು ಹೋಗ್ತಿದ್ದ. ಅವನೂ ಹಿಡಿದರೆ ಬಿಡ್ತಿರಲಿಲ್ಲ. ಇರಲಿ. ಆ ಮಾತು ಈಗ್ಯಾಕೆ ಬಂತೋ.

ಅಂಥಾ ಕಾಲದಲ್ಲಿ ನಾಗಲಕ್ಷ್ಮಮ್ಮನವರು ಸಾಸಲಿನಿಂದ ಬಸ್ಸಿನಲ್ಲಿ ಬಂದಿಳಿದರು. ನೂಲಿನ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಕತ್ತಿನಲ್ಲಿ ಸೀಟಿ. ನಮ್ಮ ಬೀದಿ ಹೆಂಗಸರು ಬಾಯಿ ಮೇಲೆ ಸೆರಗಿಟ್ಟುಕೊಂಡು ನಕ್ಕರು. ಮೊದಲ ದಿನ ಆಟಕ್ಕೆ ಬನ್ನಿ ಎಂದು ಸೀಟಿ ಊದಿದರೆ ಒಂದು ನಾಯಿ ಬಂತಂತೆ. ಬೇರೆಯವರಾಗಿದ್ದರೆ ಏನು ಮಾಡ್ತಿದ್ದರು? ನಮ್ಮನ್ನು ಕರೆಸಿ ಭಾಷಣ ಮಾಡ್ತಿದ್ದರು. ಬೇಡಪ್ಪಾ, ಹಾಗೆ ಭಾಷಣ ಮಾಡಿದ ಮೇಷ್ಟ್ರುಗಳನ್ನು ನಾವು ಎಷ್ಟೋ ಜನರನ್ನ ಕಾಫಿ ಕೊಟ್ಟು ಕಳಿಸಿದ್ದೀವಿ.

ಇವರು ಮಾತಾಡಲಿಲ್ಲ. ಸುಮ್ಮನೆ ಬೀದಿ ಬೀದಿ ಸುತ್ತಿದರು. ಒಂದು ಮಧ್ಯಾಹ್ನ ನಮ್ಮ ಬೀದೀಲಿ ಇದ್ದಾಗ ಕರೆಂಟು ಹೋಯ್ತು. ಲೋಡ್ ಶೆಡ್ಡಿಂಗ್ ಕಾಲ, ದಿನಾ ಹೋಗ್ತಿತ್ತು. ಮಗ್ಗಗಳು ಗಪ್ಪಂತ ನಿಂತವು. ನಿಂತ ಮರುಗಳಿಗೆ ಮನೆ ಮನೆಯಿಂದ ಮಕ್ಕಳು ಬೀದಿಗೆ ಬಿದ್ದವು. ಗೋಲಿ, ಕುಂಟೆಬಿಲ್ಲೆ, ಲಗೋರಿ. ಮೇಡಂ ನಮ್ಮ ಜಗಲಿ ಮೇಲೆ ಕೂತು ನೋಡಿದರು. ಕರೆಂಟು ಬಂತು, ಮಗ್ಗ ಶುರುವಾಯ್ತು, ಮಕ್ಕಳು ಮಾಯ. ಆಗ ಅವರು ನನ್ನನ್ನ ಕೇಳಿದ ಮಾತು ಇಷ್ಟೇ. "ಬಚ್ಚಪ್ಪನೋರೇ, ಕರೆಂಟು ಇಲ್ದಿರೋ ಹೊತ್ತು ಯಾರ್ದು?"

ಯಾರದೂ ಅಲ್ಲ ಅಂದೆ. "ಹಂಗಾದ್ರೆ ನನಗೆ ಕೊಡಿ. ಕರೆಂಟು ಬಂದ ಕ್ಷಣ ನಿಮ್ಮ ಮಕ್ಕಳನ್ನ ಬಿಟ್ಬಿಡ್ತೀನಿ. ಇದು ನನ್ನ ಮಾತು" ಅಂದರು.

ಸಭಿಕರೇ, ಇಡೀ ರಾಜ್ಯವೇ ಶಾಪ ಹಾಕ್ತಿದ್ದ ಹೊತ್ತನ್ನು ಕೈ ಒಡ್ಡಿ ಕೇಳಿ ಪಡೆದವರು ಇವರೊಬ್ಬರೇ ಇರಬೇಕು! ಅಲ್ಲಿಂದ ನಮ್ಮ ಶಾಲೆಗೆ ಬೆಲ್ಲು ಬೇಡವಾಯ್ತು. ಊರಿನ ಮಗ್ಗ ನಿಂತರೆ ಆಟ, ಮಗ್ಗ ಹಾಕಿದರೆ ಮನೆ. ಬ್ಯಾಂಡು ಕಲಿತದ್ದು ಹಾಗೆ, ಕೋಲಾಟ ಕಲಿತದ್ದು ಹಾಗೆ. ಪೌರಾಣಿಕ ನಾಟಕದ ಪ್ರಾಕ್ಟೀಸಿನಲ್ಲಿ ಒಂದು ಸಲ ಧರ್ಮರಾಯನು "ತಮ್ಮಂದಿರಾ, ಕೇಳಿರಿ" ಅನ್ನುವಷ್ಟರಲ್ಲಿ ಕರೆಂಟು ಬಂತು. ತಮ್ಮಂದಿರೂ ಇಲ್ಲ, ಧರ್ಮರಾಯನೂ ಇಲ್ಲ, ದ್ರೌಪದಿ ಕಂಡಿಕೆ ಸುತ್ತೋಕೆ ಓಡಿಹೋಗಿದ್ದಳು. ಮೇಡಂ ಒಂದು ದಿನವೂ ಒಂದು ನಿಮಿಷವೂ ನಮ್ಮ ಮಕ್ಕಳನ್ನು ಹೆಚ್ಚಿಗೆ ಇಟ್ಟುಕೊಳ್ಳಲಿಲ್ಲ. ಮಾತು ಅಂದರೆ ಮಾತು. ಅದಕ್ಕೇ ನಾವು ಹೆಣ್ಣುಮಕ್ಕಳನ್ನೂ ಕಳಿಸಿದೆವು. ನನ್ನ ಮಗಳು ಅರುಣಾನೂ ಹೋದಳು. ಖೋಖೋ ತಂಡಕ್ಕೆ ಕ್ಯಾಪ್ಟನ್ನಾದಳು. ಆಟ ಆಡಿ ಬಂದ ದಿನ ಅವಳು ಹಾಕಿದ ಗಂಟು ಇನ್ನೂ ಸಣ್ಣಗಿರ್ತಿತ್ತು. ಯಾಕೆ ಅಂತ ನನಗೆ ಗೊತ್ತಿಲ್ಲ, ಇದ್ದದ್ದನ್ನ ಹೇಳ್ತಿದ್ದೀನಿ.

ಈಗ ಆ ಮ್ಯಾಚಿಗೆ ಬರ್ತೀನಿ. ತೊಂಬತ್ತಮೂರನೇ ಇಸವಿ. ಜಿಲ್ಲಾ ಮಟ್ಟದ ಖೋಖೋ ಫೈನಲ್ಲು, ನಮ್ಮದೇ ಮೈದಾನ. ಎದುರಿಗೆ ಇಲ್ಲೇ ಹತ್ತಿರದ ವಿಜಯಪುರದ ಹುಡುಗಿಯರು. ರೇಷ್ಮೆ ಬಿಚ್ಚೋ ಊರಿನವರು, ಕಾಲೂ ನೂಲಿನ ಹಾಗೇ, ಕೈಗೆ ಸಿಕ್ಕರೆ ತಾನೇ. ಮಧ್ಯಾಹ್ನ ಕರೆಂಟು ಇರೋದಿಲ್ಲವೆಂದು ಆ ಹೊತ್ತನ್ನೇ ಗೊತ್ತು ಮಾಡಿದ್ದರು. ಊರಿಗೆ ಊರೇ ಮೈದಾನಕ್ಕೆ ಬಂತು. ನನ್ನ ಮನೆಯವಳು ಮುನಿತಾಯಮ್ಮ, ಶೂ ಹಾಕಿದ ಮೇಡಂ ನೋಡಿ ಮೊದಲು ನಕ್ಕವಳೇ ಅವಳು, ಅವತ್ತು ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೂತಿದ್ದಳು.

ಕೊನೆಯ ಸರದಿ. ಅಟ್ಟಿಸಿಕೊಂಡು ಹೋಗೋರು ನಾವು. ಎರಡೂ ಕಡೆ ಸಮ ಸಮ. ಇನ್ನೊಬ್ಬಳನ್ನು ಮುಟ್ಟಿದರೆ ಗೆಲುವು ನಮ್ಮದು, ಹೊತ್ತು ಮೀರಿದರೆ ಅವರದು, ಮೊದಲೇ ಹಾಗೆ ಗೊತ್ತು ಮಾಡಿದ್ದರು. ನಮ್ಮ ಅರುಣಾ ಎದ್ದಳು ನೋಡಿ! ಒಬ್ಬಳು ಹುಡುಗಿಯನ್ನು ಕಂಬದ ಕಡೆಗೆ ತರುಬಿಕೊಂಡು ಹೋದಳು. ಕೈ ಚಾಚಿದಳು. ಅವಳ ಬೆನ್ನಿಗೂ ಇವಳ ಕೈಗೂ ಒಂದು ಗೇಣು.

ಆಗ ಕರೆಂಟು ಬಂತು. ಯಾವತ್ತೂ ತಡವಾಗಿ ಬರೋದು ಅವತ್ತು ಬೇಗ ಬಂದುಬಿಡ್ತು. ಮೈದಾನದ ಪಕ್ಕದ ಬೀದೀಲಿ ಒಂದು ಮಗ್ಗ ಟಕ್ಕಟಕ್ಕ ಅಂತ ಶುರುವಾಯ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು.

ನಮ್ಮ ಹುಡುಗಿಯರು ಏನು ಮಾಡಿದರು ಗೊತ್ತೇ, ಸಾಹೇಬರೇ? ಎದ್ದುಬಿಟ್ಟರು. ಚೌಕದಲ್ಲಿ ಕೂತಿದ್ದವರೆಲ್ಲ ಎದ್ದು ಲಂಗದ ಮಣ್ಣು ಕೊಡವಿಕೊಂಡು ಬ್ಯಾಗಿನ ಕಡೆ ಹೊರಟರು. ಅರುಣಾ ಚಾಚಿದ ಕೈ ಇಳಿಸಿ, ತಿರುಗಿ, ಮನೆ ಕಡೆ ಹೆಜ್ಜೆ ಹಾಕಿದಳು. ಅವರನ್ನೇನು ಅಂತೀರಿ, ನಾವೂ ಎದ್ದಿದ್ದೆವು! ಗಂಡಸರೆಲ್ಲ ಟವಲ್ಲು ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ. ವಿಜಯಪುರದ ಹುಡುಗಿ ಕಂಬ ಹಿಡ್ಕೊಂಡು, ಇದ್ಯಾವ ಆಟವಪ್ಪಾ ಅಂತ ಕಣ್ಣು ಬಿಡ್ತಾ ನಿಂತಿದ್ದಳು. ರೆಫರಿಗೆ ಯಾವ ಸೀಟಿ ಊದಬೇಕೋ ತಿಳೀಲಿಲ್ಲ. ನಿಜ ಹೇಳ್ತೀನಿ, ನನಗೆ ಮೊದಲು ಹೆಮ್ಮೆಯಾಯ್ತು. ನನ್ನ ಮಗಳು ಎಂಥಾ ಶಿಸ್ತಿನವಳು ಅಂತ.

ಆಮೇಲೆ ಮೇಡಂ ಮುಖ ನೋಡಿದೆ. ಸೀಟಿ ಬಾಯಲ್ಲೇ ಇತ್ತು. ಊದಲಿಲ್ಲ. ಊದಿದ್ದರೆ ಆ ಮಕ್ಕಳು ತಟ್ಟನೆ ಕೂತಿರೋವು, ಆ ಸೀಟಿಗೆ ಅಷ್ಟು ಬೆಲೆ. ಯಾಕೆ ಊದಲಿಲ್ಲ? ನಮಗೆ ಮಾತು ಕೊಟ್ಟಿದ್ದರು. ಗೆಲುವು ಒಂದು ಗೇಣಿನಲ್ಲಿದ್ದರೂ ಆ ಹೆಣ್ಣುಮಗಳು ಮಾತು ಮುರೀಲಿಲ್ಲ. ಹೆಂಗಸರ ಕಡೆಯಿಂದ ಒಂದು ಕೂಗು ಬಂತು. "ಲೇ ಅರುಣಾ, ಕೂತ್ಕೊಳ್ಳೇ! ಮಗ್ಗ ಎಲ್ಲೂ ಓಡೋಗಲ್ಲ!" ಯಾರ ಧ್ವನಿ ಅಂತ ಹೇಳಲ್ಲ. ಮೂರನೇ ಸಾಲಿನಲ್ಲಿ ಕೂತು ನನ್ನನ್ನೇ ಗುರಾಯಿಸ್ತಿದ್ದಾಳೆ.

ಮಗ್ಗದವನಿಗೆ ತನ್ನ ಮಗ್ಗದ ಸದ್ದು ಗೊತ್ತು. ಮೊದಲು ಶುರುವಾದದ್ದು ನಂದೇ. ನನ್ನ ಮಗ್ಗ ನೋಡಿಕೊಳ್ಳುವ ಚಿಕ್ಕವೆಂಕಟಪ್ಪ, ಪಾಪ, ನಿಯತ್ತಿನ ಮನುಷ್ಯ, ಮ್ಯಾಚಿಗೂ ಬರದೆ ಕರೆಂಟಿಗೆ ಕಾದು ಕೂತಿದ್ದ. ನಾನು ಓಡಿದೆ. ಎಲ್ಲಾರೂ ಬಚ್ಚಪ್ಪ ಮಗ್ಗಕ್ಕೆ ಓಡಿದ ಅಂದುಕೊಂಡರು. ಹೌದು, ಮಗ್ಗಕ್ಕೇ ಓಡಿದೆ. ಮೇನ್ ಸ್ವಿಚ್ ಎಳೆದೆ. "ಯಾಕಣ್ಣಾ, ಶಾರ್ಟಾಯ್ತಾ?" ಅಂದ ಚಿಕ್ಕವೆಂಕಟಪ್ಪ. ಹೊರಗೆ ಬಂದು ಪಕ್ಕದ ಮನೆಗೆ ನುಗ್ಗಿ ಅಲ್ಲೂ ಎಳೆದೆ. ನೋಡ್ತೀನಿ, ಎದುರು ಸಾಲಿನಲ್ಲಿ ನಮ್ಮ ಆದಿನಾರಾಯಣಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ತಮ್ಮ ಸ್ವಿಚ್ ಎಳೀತಿದ್ದಾರೆ! ಒಂದೊಂದಾಗಿ ಬೀದಿ ನಿಂತಿತು. ಆಮೇಲೆ ಪಕ್ಕದ ಬೀದಿ. ಕರೆಂಟು ಇದ್ದೂ ಮಗ್ಗ ನಿಂತದ್ದನ್ನು ನಮ್ಮೂರು ಅವತ್ತಿನವರೆಗೆ ಕಂಡಿರಲಿಲ್ಲ. ಸಾವಾದರೆ ಆ ಒಂದು ಮನೆಯ ಮಗ್ಗ ನಿಲ್ಲುತ್ತೆ. ಆಟಕ್ಕೆ ಊರೆಲ್ಲ ನಿಂತದ್ದು ಅವತ್ತೇ.

ಮೈದಾನಕ್ಕೆ ವಾಪಸ್ ಓಡಿಬರೋಷ್ಟರಲ್ಲಿ ಹೊತ್ತು ಮೀರಿತ್ತು. ರೆಫರಿ ಕೊನೆಯ ಸೀಟಿ ಊದಿಬಿಟ್ಟಿದ್ದರು. ನಾವು ಸೋತಿದ್ದೆವು.

ಆದರೆ ನಮ್ಮ ಹುಡುಗಿಯರಿಗೆ ಗೊತ್ತಿದ್ದದ್ದು ಒಂದೇ ಲೆಕ್ಕ. ಮಗ್ಗ ನಿಂತರೆ ಆಟ. ಅರ್ಧ ದಾರಿಯಿಂದ ವಾಪಸ್ ಓಡಿಬಂದು ಬ್ಯಾಗು ಬಿಸಾಕಿ ತಮ್ಮ ತಮ್ಮ ಚೌಕದಲ್ಲಿ ಕೂತುಬಿಟ್ಟರು. ರೆಫರಿ ಹತ್ತಿರ ಹೋಗಿ ಮೇಡಂ ಅಂದ ಮಾತು ನಾನೇ ಕೇಳಿದ್ದೀನಿ. "ಸೋತಿದ್ದೀವಿ ಸಾರ್, ಸಹಿ ಹಾಕ್ತೀನಿ. ಮಕ್ಕಳು ಆಟ ಮುಗಿಸಿಕೊಳ್ಳಲಿ." ಆ ವಿಜಯಪುರದ ಮಗಳು, ಗೆದ್ದವಳು, ಆಡಲೇಬೇಕು ಅಂತ ಏನಿತ್ತು? ಕಂಬ ಬಿಟ್ಟು ಮತ್ತೆ ಓಡಿದಳು, ನಗ್ತಾ ನಗ್ತಾ. ಅರುಣಾ ಅಟ್ಟಿಸಿಕೊಂಡು ಹೋಗಿ ಮುಟ್ಟಿದಳು. ಯಾವ ಪಾಯಿಂಟೂ ಇಲ್ಲ, ಯಾವ ಕಪ್ಪೂ ಇಲ್ಲ. ಊರು ಚಪ್ಪಾಳೆ ಹೊಡೆದದ್ದು ನೋಡಬೇಕಿತ್ತು. ನನ್ನ ಕಣ್ಣಿಗೆ ಧೂಳು ಬಿದ್ದು, ನನಗೆ ಪೂರ್ತಿ ಕಾಣಲಿಲ್ಲ.

ಅವತ್ತು ಸಂಜೆ ಸಂಘದವರೆಲ್ಲ ಶಾಲೆಗೆ ಬಂದೆವು. "ಮೇಡಂ, ನಿಮ್ಮ ಮಾತು ನಿಮಗೆ ವಾಪಸ್. ಇನ್ನು ಕರೆಂಟು ಇರಲಿ, ಬಿಡಲಿ, ಐದರಿಂದ ಆರು ನಿಮ್ಮದು" ಅಂದೆವು. ಅಲ್ಲಿಂದ ಇವತ್ತಿನವರೆಗೆ ಆ ಗಂಟೇಲಿ ಈ ಊರಿನ ಯಾವ ಮಗುವೂ ಕಂಡಿಕೆ ಮುಟ್ಟಿಲ್ಲ. ಆ ಒಂದು ಗಂಟೇಲೇ ಇಷ್ಟೆಲ್ಲ ಬೆಳೆದದ್ದು. ಬ್ಯಾಂಡು ಬೆಂಗಳೂರಿಗೆ ಹೋಗಿ ಬಂತು. ಮಾತೇ ಆಡದ ಹುಡುಗಿ ಭಾನುಪ್ರಿಯಾ ಚರ್ಚಾಸ್ಪರ್ಧೇಲಿ ತೀರ್ಪು ಕೊಡೋಕೆ ಬಂದಿದ್ದ ವಕೀಲರ ಬಾಯಿ ಮುಚ್ಚಿಸಿದಳು. ಒಬ್ಬ ಡ್ರಿಲ್ ಟೀಚರು ಒಂದು ಊರಿಗೆ ಇನ್ನೇನು ಕೊಡಬೇಕು?

ಅರುಣಾ ಈಗ ಮದುವೆಯಾಗಿ ವಿಜಯಪುರದಲ್ಲಿದ್ದಾಳೆ. ಗೆದ್ದವರ ಊರಿಗೇ ಹೆಣ್ಣು ಕೊಟ್ಟೆ. ನನ್ನ ಮನೇಲಿ ಈಗ ಶಾಲೆಗೆ ಬರೋ ಮಕ್ಕಳಿಲ್ಲ. ಆದರೂ ಐದು ಗಂಟೆಗೆ ನಾನು ಶಾಲೆ ಕಾಂಪೌಂಡಿನ ಪಕ್ಕ ನಿಂತಿರ್ತೀನಿ ಅಂತ ಕೆಲವರು ಆಡಿಕೊಳ್ತಾರೆ. ಅಲ್ಲಿ ಎಲೆ ಅಡಿಕೆ ಅಂಗಡಿ ಇದೆ, ಅದಕ್ಕೆ ಹೋಗ್ತೀನಿ. ಎಲೆ ಅಡಿಕೆ ಹಾಕೋದು ಬಿಟ್ಟು ಎರಡು ವರ್ಷವಾಯ್ತು ಅಂತ ಮೂರನೇ ಸಾಲಿನಿಂದ ಕೈ ಸನ್ನೆ ಬರ್ತಿದೆ. ಆಯ್ತು ಕಣೇ.

ಇನ್ನು ಬಳಸೋಕೆ ದಾರಿ ಉಳಿದಿಲ್ಲ, ಆದಿನಾರಾಯಣಪ್ಪನವರೇ. ಸಂಘದ ಸಭೇಲಿ ನೀವು ಹೇಳಿದ್ದೇನು? ಗಂಟೆ ಕೊಟ್ಟಿದ್ದು ಮೇಡಂಗೆ, ಮೇಡಂ ಹೋದ ಮೇಲೆ ಗಂಟೆ ನಮ್ಮದು, ಮದುವೆ ಸೀಸನ್ನು, ಸೀರೆಗೆ ಆರ್ಡರ್ ಬಿದ್ದಿದೆ. ನ್ಯಾಯವಾದ ಮಾತು. ಆದರೆ ಆ ಸಂಜೆ ಮೇಡಂ ಏನಂದರು, ನೆನಪಿಸಿಕೊಳ್ಳಿ. "ನನಗೆ ಬೇಡ, ನಾನು ವರ್ಗದ ನೌಕರಿಯೋಳು. ಮಕ್ಕಳಿಗೆ ಕೊಡಿ" ಅಂದು ಖೋಖೋ ಹುಡುಗಿಯರನ್ನು ಕರೆದು ನಮ್ಮ ಮುಂದೆ ನಿಲ್ಲಿಸಿದರು. ಅವರ ಕೈ ಹಿಡಿದು ಕೊಟ್ಟೆವು ಮಾತು, ನೀವೂ ಕೊಟ್ಟಿರಿ. ಮೇಡಂ ಹತ್ತಿರ ಇಲ್ಲದ್ದನ್ನು ಮೇಡಂ ಹೋದರು ಅಂತ ಹೇಗೆ ವಾಪಸ್ ತಗೊಳ್ಳೋದು? ಬೇಕಾದರೆ ಇಲ್ಲಿ ಇಷ್ಟು ಮಕ್ಕಳು ಕೂತಿದ್ದಾರೆ, ನೀವೇ ಕೇಳಿ. ನನ್ನ ಕೈಲಾಗಲ್ಲ.

ಸೀಟಿ ಊದೋಕೆ ಯಾರಿದ್ದಾರೆ ಅಂತೀರಿ. ಮೇಡಂ, ನೀವು ಕತ್ತಿನ ಸೀಟಿ ಇಲ್ಲಿ ಬಿಟ್ಟು ಹೋಗಿ. ಹೊಸಬರು ಬರೋವರೆಗೆ ನಾನು ಊದ್ತೀನಿ. ಕಬಡ್ಡಿ ಗೊತ್ತು, ಖೋಖೋ ಹುಡುಗಿಯರೇ ಕಲಿಸಿಕೊಡ್ತಾರೆ. ಹೇಗಿದ್ದರೂ ಆ ಹೊತ್ತಿಗೆ ನಾನು ಅಲ್ಲೇ ಇರ್ತೀನಿ, ಇನ್ನು ಮೇಲೆ ಕಾಂಪೌಂಡಿನ ಒಳಗಡೆ ನಿಲ್ತೀನಿ, ಅಷ್ಟೇ.

ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ಸಾಹೇಬರಿಗೆ, ಶಾಮಿಯಾನ ಹಾಕಿಕೊಟ್ಟವರಿಗೆ, ನಮಗೆ ಹೆಣ್ಣುಮಕ್ಕಳ ಓಟ ನೋಡೋದನ್ನ ಕಲಿಸಿದ ನಾಗಲಕ್ಷ್ಮಮ್ಮನವರಿಗೆ ವಂದನೆಗಳು. ಇನ್ನೂ ನಾಲ್ಕು ಭಾಷಣ ಇವೆ, ದೊಡ್ಡವರು ದಯವಿಟ್ಟು ಕೂತಿರಿ. ಗಂಟೆ ಐದಾಯ್ತು. ಮಕ್ಕಳೇ, ಏಳಿ, ಮೈದಾನಕ್ಕೆ ಓಡಿ. ನಮಸ್ಕಾರ.