ಹೆಗಲ ಮೇಲಿನ ವಲ್ಲಿ

ಒಂದೂರಲ್ಲಿ ಆಟ ಕಲಿಸುವ ಮಾಸ್ತರರೊಬ್ಬರು ಇದ್ದರು. ಯಾವ ಊರು, ಏನು ಹೆಸರು ಎಂದು ಕೇಳಬೇಡಿ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಅವರು ಯಾರ ಪೈಕಿ ಎಂದು ವಿಚಾರಿಸಲು ಶುರು ಮಾಡುತ್ತೀರಿ. ಇಪ್ಪತ್ತೊಂದು ದಿನದಿಂದ ಈ ಮಠದಲ್ಲಿ ಪ್ರವಚನ ಹೇಳಿ ಹೇಳಿ ನನ್ನ ಗಂಟಲು ಸೋತಿದೆ. ಹಿಂದೆ ಕೂತವರು ಮೊಬೈಲು ಒಳಗಿಟ್ಟು ಸ್ವಲ್ಪ ಮುಂದೆ ಬನ್ನಿ.

ಮಾಸ್ತರರು ಸರಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಾಲಿಬಾಲ್ ಕಲಿಸಿದ್ದರು. ಮೈದಾನದ ಕಲ್ಲು ಆರಿಸಿದ್ದು ಅವರೇ, ನೆಟ್ಟು ಹರಿದರೆ ಹೊಲಿದದ್ದೂ ಅವರೇ. ಆದರೆ ಅಷ್ಟು ವರ್ಷದಲ್ಲಿ ಅವರ ಕೈಕೆಳಗೆ ಆಡಿದ ಒಂದು ಮಗುವೂ ಜಿಲ್ಲೆ ದಾಟಿ ಮುಂದೆ ಹೋಗಿರಲಿಲ್ಲ. ನಿವೃತ್ತಿಗೆ ಇನ್ನು ಮೂರೇ ವರ್ಷ. ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಒಬ್ಬಳು, ಒಬ್ಬಳಾದರೂ ಮೇಲೆ ಹೋಗಲಿ ಎಂಬ ಆಸೆ ಮಾತ್ರ ಹಾಗೇ ಉಳಿದಿತ್ತು.

ಆಗ ಸಿಕ್ಕಿದಳು ಆ ಹುಡುಗಿ. ಚೆಂಡು ಅವಳ ಬೆರಳಿಗೆ ಬಂದರೆ ಸದ್ದೇ ಆಗುತ್ತಿರಲಿಲ್ಲ. ಮಾಸ್ತರರು ಅವಳನ್ನು ಲಿಫ್ಟರ್ ಮಾಡಿದರು. ಲಿಫ್ಟರ್ ಎಂದರೆ ಯಾರು? ಹಿಂದಿನವರು ತಡೆದ ಚೆಂಡನ್ನು ನೆಟ್ಟಿನ ಮೇಲಕ್ಕೆ ಎತ್ತಿ ಕೊಡುವವಳು. ಹೊಡೆಯುವವರು ಬೇರೆ, ಚಪ್ಪಾಳೆ ಸಿಗುವುದೂ ಅವರಿಗೇ. ಆದರೆ ಎಡಗಡೆಯವಳಿಗೆ ಕೊಡಬೇಕೋ, ಬಲಗಡೆಯವಳಿಗೋ, ನಡುವಿನವಳಿಗೋ ಎಂದು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನಿಸುವುದು ಲಿಫ್ಟರ್. ಇಡೀ ತಂಡದ ಬುದ್ಧಿ ಇರುವುದೇ ಅಲ್ಲಿ.

ಎರಡು ವರ್ಷ ಮಾಸ್ತರರು ಹುಡುಗಿಯ ಹಿಂದೆ ಬಿದ್ದು ದುಡಿದರು. ಬೆಳಿಗ್ಗೆ ಶಾಲೆಯ ಗೋಡೆಗೆ ಮುನ್ನೂರು ಸಲ ಚೆಂಡು, ಸಂಜೆ ಮತ್ತೆ ಮುನ್ನೂರು. ಕೈ ಪಳಗಿತು. ಆದರೆ ಹುಡುಗಿ ಆಗಾಗ ತಪ್ಪು ಕಡೆ ಚೆಂಡು ಕೊಡುತ್ತಿದ್ದಳು. ಕೊಡದೆ ಏನು ಮಾಡುತ್ತಾಳೆ, ಕಲಿಯುವವಳಲ್ಲವೇ? ಮಾಸ್ತರರಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ಅವರು ಒಂದು ಉಪಾಯ ಹುಡುಕಿದರು.

ಅವರ ಹೆಗಲ ಮೇಲೆ ಯಾವಾಗಲೂ ಒಂದು ಬಿಳಿ ಟವೆಲ್ ಇರುತ್ತಿತ್ತು, ನಾವು ವಲ್ಲಿ ಎನ್ನುತ್ತೇವಲ್ಲ, ಅದು. ಹುಡುಗಿಗೆ ಎದುರಾಗಿ ಅಂಗಳದ ಗೆರೆಯ ಆಚೆ ನಿಲ್ಲುತ್ತಿದ್ದರು. ವಲ್ಲಿ ಎಡ ಹೆಗಲಿಗೆ ಬಂದರೆ ಚೆಂಡು ಎಡಕ್ಕೆ, ಬಲ ಹೆಗಲಿಗೆ ಬಂದರೆ ಬಲಕ್ಕೆ, ಕುತ್ತಿಗೆಗೆ ಸುತ್ತಿದರೆ ನಡುವಿಗೆ. ತಂಡ ಅಂಗಳ ಬದಲಿಸಿದರೆ ಮಾಸ್ತರರೂ ಕುಂಟುತ್ತಾ ಆಚೆ ಕಡೆ ಹೋಗಿ ನಿಲ್ಲುತ್ತಿದ್ದರು.

"ಯವ್ವಾ, ನೀ ವಿಚಾರ ಮಾಡಬ್ಯಾಡ. ವಲ್ಲಿ ನೋಡು, ಚೆಂಡು ಕೊಡು. ವಿಚಾರ ಮಾಡಾಕ ನಾ ಅದೀನಿ," ಎಂದರು.

ನೋಡಿ, ಈ ಮಾತು ನೆನಪಿಟ್ಟುಕೊಳ್ಳಿ. ಅವರು ಸಿಟ್ಟಿನಿಂದ ಹೇಳಲಿಲ್ಲ, ಸ್ವಾರ್ಥದಿಂದಲೂ ಹೇಳಲಿಲ್ಲ. ಪ್ರೀತಿಯಿಂದಲೇ ಹೇಳಿದರು.

ತಂಡ ಗೆಲ್ಲತೊಡಗಿತು. ತಾಲೂಕು ಗೆದ್ದಿತು, ಜಿಲ್ಲೆ ಗೆದ್ದಿತು. "ಏನ್ ಕಣ್ಣರೀ ಆ ಹುಡುಗೀದು," ಎಂದು ಜನ ಹೊಗಳಿದರು. ಕಣ್ಣು ಯಾರದು ಎಂದು ಮಾಸ್ತರರಿಗೆ ಗೊತ್ತಿತ್ತು. ಹೇಳಲಿಲ್ಲ, ಒಳಗೊಳಗೇ ಹಿಗ್ಗಿದರು.

ಕೊನೆಗೆ ದೊಡ್ಡ ಊರಿನಲ್ಲಿ ಕ್ರೀಡಾ ಹಾಸ್ಟೆಲಿನ ಆಯ್ಕೆ ಬಂತು. ಅಲ್ಲಿ ಸೀಟು ಸಿಕ್ಕರೆ ಊಟ, ಓದು, ಆಟ ಎಲ್ಲ ಅಲ್ಲಿಯೇ. ವಯಸ್ಸಿನ ಲೆಕ್ಕದಲ್ಲಿ ಹುಡುಗಿಗೆ ಅದೇ ಕೊನೆಯ ವರ್ಷ. ಅವಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದ: "ಈ ಸಲ ಆದ್ರ ಹೋಗ್ಲಿ ಸರ. ಆಗ್ಲಿಲ್ಲಂದ್ರ ಆಟ ಸಾಕು."

ಆಯ್ಕೆಯ ದಿನ ಬೇರೆ ಬೇರೆ ಶಾಲೆಯ ಮಕ್ಕಳನ್ನು ಕಲೆಸಿ ಹೊಸ ತಂಡ ಮಾಡಿ ಆಡಿಸಿದರು. ಮಾಸ್ತರರನ್ನೆಲ್ಲ ಗ್ಯಾಲರಿಗೆ ಕಳಿಸಿದರು. ಆ ಗ್ಯಾಲರಿ ಎಲ್ಲಿತ್ತು? ಹುಡುಗಿಯ ಬೆನ್ನ ಹಿಂದೆ. ಅಲ್ಲಿಂದಲೇ ಮಾಸ್ತರರು ವಲ್ಲಿಯನ್ನು ಎಡಕ್ಕೆ ಹಾಕಿದರು, ಬಲಕ್ಕೆ ಹಾಕಿದರು. ಮೊದಲ ಚೆಂಡು ಬಂತು. ಹುಡುಗಿ ತಿರುಗಿ ವಲ್ಲಿ ನೋಡಿದಳು. ಮತ್ತೆ ಮುಂದಕ್ಕೆ ತಿರುಗುವುದರೊಳಗೆ ಚೆಂಡು ನೆಲಕ್ಕೆ ಬಿದ್ದಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಜೊತೆಯ ಹುಡುಗಿಯರು ಬೇಸತ್ತು ಅವಳ ಕಡೆಗೆ ಚೆಂಡು ಕಳಿಸುವುದನ್ನೇ ಬಿಟ್ಟರು. ಮಾಸ್ತರರು ನೋಡಲಾರದೆ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡು ಕೂತರು.

ಆಯ್ಕೆಗೆ ಬಂದಿದ್ದ ಹಳೆಯ ಆಟಗಾರ್ತಿಯೊಬ್ಬರು ಆಮೇಲೆ ಮಾಸ್ತರರನ್ನು ಪಕ್ಕಕ್ಕೆ ಕರೆದು ಹೇಳಿದರು: "ಕೈ ಭಾಳ ಚಲೋ ಪಳಗಿಸೀರಿ ಸರ. ಇಂಥಾ ಕೈ ನಾ ಈ ವರ್ಷ ನೋಡಿಲ್ಲ. ಆದ್ರ ಕಣ್ಣು ಯಾರ ಕಡೇನೋ ಬಿಟ್ಟು ಬಂದಾಳ."

ಪಟ್ಟಿಯಲ್ಲಿ ಹೆಸರು ಬರಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಮಾಸ್ತರರು, ಹುಡುಗಿ ಒಂದೇ ಸೀಟಿನಲ್ಲಿ ಕೂತಿದ್ದರು. ಅರ್ಧ ದಾರಿ ಕಳೆದ ಮೇಲೆ ಹುಡುಗಿಯೇ ಮೆಲ್ಲಗೆ ಬಾಯಿ ಬಿಟ್ಟಳು.

"ಸರ, ಒಂದು ಚೆಂಡು ಮಾತ್ರ ನಾನ ನೋಡಿ ಕೊಟ್ಟೆ."

"ಯಾವ್ದವ್ವಾ?"

"ಕಡೀಕ ಒಂದು ಬಂತಲ್ರೀ. ತಿರುಗಿ ನೋಡಿದೆ, ನೀವು ವಲ್ಲಿಯೊಳಗ ಮಾರಿ ಮುಚ್ಕೊಂಡಿದ್ರಿ. ಏನ್ ಮಾಡ್ಲಿ? ನೆಟ್ಟಿನ ಆಚೆ ನೋಡಿದೆ. ಅವರೊಳಗಿನ ಉದ್ದನ್ನ ಹುಡುಗಿ ಬಲಕ್ಕ ಸರದಿದ್ಲು, ನಡುವ ಜಾಗಾ ಖಾಲಿ ಇತ್ತು. ನಡುವಿನಾಕಿಗೆ ಕೊಟ್ಟೆ."

"ಏನಾತು?"

"ಪಾಯಿಂಟ್ ಆತ್ರೀ ಸರ." ಅವರ ಕಡೆ ತಿರುಗಿ ಕೇಳಿದಳು: "ನೀವು ನೋಡ್ಲಿಲ್ಲೇನ್ರೀ?"

ಮಾಸ್ತರರು ಕಿಟಕಿಯ ಕಡೆ ಮುಖ ತಿರುಗಿಸಿದರು. ಎರಡು ವರ್ಷ ಆ ಹುಡುಗಿಯ ಮೇಲಿನ ಕಣ್ಣು ಕೀಳದವರು ಅವರು. ಅವಳು ತಾನಾಗಿ ಆಡಿದ ಒಂದೇ ಒಂದು ಚೆಂಡನ್ನು ಮಾತ್ರ ನೋಡಿರಲಿಲ್ಲ. ತಾನು ಮುಖ ಮುಚ್ಚಿಕೊಂಡಾಗ ಮಾತ್ರ ಈ ಮಗು ಕಣ್ಣು ತೆರೆಯಿತಲ್ಲ ಎಂದುಕೊಂಡರು.

ಆ ಹುಡುಗಿ ಆಮೇಲೆ ಏನಾದಳು ಎಂದು ಕೇಳುತ್ತೀರಿ. ಅವಳ ಅಪ್ಪ ಹೇಳಿದಂತೆ ಆಟ ಬಿಡಿಸಿದ. ಕಥೆ ಹೇಳುವವನು ನಾನು, ಬೇಕಿದ್ದರೆ ಅವಳನ್ನು ಗೆಲ್ಲಿಸಬಹುದಿತ್ತು. ಆದರೆ ಹಾಗೆ ಗೆಲ್ಲಿಸಿದ ಕಥೆಗಳನ್ನು ಕೇಳಿ ನೀವು ಹಾಯಾಗಿ ಮನೆಗೆ ಹೋಗಿಬಿಡುತ್ತೀರಿ.

ಮರುವರ್ಷ ಮಾಸ್ತರರು ವಲ್ಲಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಕೂತರು. ಹೊಸ ಮಕ್ಕಳು ತಪ್ಪಿದರು, ಸೋತರು, ಅತ್ತರು. ಮಾಸ್ತರರು ಏಳಲಿಲ್ಲ. ಆಟ ಮುಗಿದ ಮೇಲೆ, "ನೀ ಏನ್ ನೋಡಿದಿ ಹೇಳು," ಎಂದಷ್ಟೇ ಕೇಳುತ್ತಿದ್ದರು. ಹೆಡ್ ಮಾಸ್ತರರು ಒಂದು ದಿನ ಬಂದು, "ಏನ್ರೀ, ಸುಮ್ನ ಕುಂತೀರಲ್ಲ, ವಯಸ್ಸಾತೇನು?" ಎಂದು ಚೇಷ್ಟೆ ಮಾಡಿದರು.

"ಕಲಿಸಾಕತ್ತೀನ್ರೀ," ಎಂದರು ಮಾಸ್ತರರು.

ಕೇಳಿದಿರಾ? ಈಗ ನಿಮ್ಮ ಕಡೆ ಬರುತ್ತೇನೆ. ಮನೆಗೆ ಬಂದ ನೆಂಟರು ನಿಮ್ಮ ಮಗಳನ್ನು, "ಏನು ಓದ್ತೀಯವ್ವಾ?" ಎಂದು ಕೇಳುತ್ತಾರೆ. ಉತ್ತರ ಯಾರು ಕೊಡುತ್ತೀರಿ? ನೀವು. ಮಗ ಕಾಲೇಜಿಗೆ ಸೇರುವಾಗ ಅರ್ಜಿ ತುಂಬುವವರು ಯಾರು? ನೀವು. ಸೊಸೆ ರೊಟ್ಟಿ ಬಡಿಯುವಾಗ ಒಲೆಯ ಪಕ್ಕ ನಿಂತು ಈಗ ತಿರುವು, ಈಗ ತೆಗೆ ಎನ್ನುವವರು ಯಾರು? ಎಲ್ಲವನ್ನೂ ನೀವೇ ಮಾಡಿ, ಆಮೇಲೆ ನನ್ನ ಹತ್ತಿರ ಬಂದು, "ಬುದ್ಧೀ, ನಮ್ಮ ಹುಡುಗನಿಗೆ ತಿಳುವಳಿಕೆ ಇಲ್ಲ," ಎಂದು ಅಳುತ್ತೀರಿ. ತಿಳುವಳಿಕೆ ಬರಲು ನೀವು ಜಾಗ ಎಲ್ಲಿ ಬಿಟ್ಟಿರಿ? ಹೋದ ವರ್ಷವೂ ಇದನ್ನೇ ಹೇಳಿದೆ. ನೀವು ತಲೆಯಾಡಿಸಿದಿರಿ, ಪ್ರಸಾದದ ಊಟ ಮಾಡಿ ಎದ್ದು ಹೋದಿರಿ.

ನನ್ನ ತಪ್ಪೂ ಇದೆ. ಇಪ್ಪತ್ತೊಂದು ದಿನದಿಂದ ನಾನೂ ಇಲ್ಲಿ ಕೂತು ನಿಮಗೆ ಎಡ ಬಲ ತೋರಿಸುತ್ತಲೇ ಇದ್ದೇನೆ. ನನಗೂ ಸಾಕಾಗಿದೆ. ಇಗೋ, ನನ್ನ ಹೆಗಲ ಮೇಲಿನ ವಲ್ಲಿಯನ್ನೂ ಕೆಳಗಿಡುತ್ತಿದ್ದೇನೆ. ನಾಳೆಯಿಂದ ಎಂದು ಮುಂದಕ್ಕೆ ಹಾಕಬೇಡಿ, ಈಗಲೇ ಶುರು ಮಾಡಿ. ಪ್ರಸಾದಕ್ಕೆ ಏಳುವಾಗ ಮಕ್ಕಳನ್ನು ಮುಂದೆ ಬಿಡಿ. ಏನು ಬೇಕು, ಎಷ್ಟು ಬೇಕು ಎಂದು ಬಡಿಸುವವರಿಗೆ ಅವರೇ ಹೇಳಲಿ. ಹೆಚ್ಚು ಹಾಕಿಸಿಕೊಂಡಾರು, ಚೆಲ್ಲಿಯಾರು, ಬಾಯಿ ಬಿಡಬೇಡಿ. ಆದರೆ ಮುಖ ಮಾತ್ರ ಆಚೆ ತಿರುಗಿಸಬೇಡಿ. ಆ ಮಗು ಆಮೇಲೆ, "ನೋಡ್ಲಿಲ್ಲೇನ್ರೀ?" ಎಂದು ಕೇಳುತ್ತದೆ. ನೋಡಿದೆ ಎಂದು ಹೇಳುವುದಕ್ಕಾದರೂ ನೀವು ಅಲ್ಲಿ ಇರಬೇಕು.